ಉಪಚಾರದ ಮುದ್ದೆ

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೆ ಎಂದು ಗಾದೆ. ಕಿರುಗಾವಲಿನ ದೊಡ್ಡತಾಯಮ್ಮನ ಕಿರಿಸೊಸೆ ಮಾತ್ರ ಬಂದು ಮೂರು ವರ್ಷವಾದರೂ ಒಂದು ಬಿಂದಿಗೆ ನೀರು ತಂದವಳಲ್ಲ. ಸೋಮಾರಿ ಎಂದುಕೊಂಡೀರಿ, ಪಾಪ, ಹಾಗೇನಿಲ್ಲ. ಅವಳನ್ನು ಬಿಂದಿಗೆ ಮುಟ್ಟಲು ಯಾರೂ ಬಿಡುತ್ತಿರಲಿಲ್ಲ.

ಅವಳು ಬರ್ಮಾದವಳು. ಹೆಸರು ಮಾ ಏ. ಅದು ಕಿರುಗಾವಲಿನ ಬಾಯಿಗೆ ಬಿದ್ದು ಮೂರೇ ದಿನದಲ್ಲಿ ಮಾಯಮ್ಮ ಆಯಿತು. ದೊಡ್ಡತಾಯಮ್ಮನ ಕಿರಿಮಗ ಸಿದ್ದರಾಜು ರಂಗೂನಿನ ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದಾಗ ಅಲ್ಲೇ ಅವಳನ್ನು ಮದುವೆಯಾಗಿದ್ದ. ಜಪಾನಿನವರ ಬಾಂಬಿಗೆ ಅವಳ ತಾಯಿಯೂ ಹೋದಳು, ಮನೆಯೂ ಹೋಯಿತು. ಗಂಡಹೆಂಡತಿ ಕಾಡು ಬೆಟ್ಟ ನಡೆದು, ರೈಲು ಹತ್ತಿ, ನಲವತ್ತೆರಡರ ಮುಂಗಾರಿನಲ್ಲಿ ಮದ್ದೂರಿಗೆ ಬಂದಿಳಿದರು. ಆರು ತಿಂಗಳಾಗುವುದರೊಳಗೆ, ಬರ್ಮಾ ಭಾಷೆ ಬಲ್ಲವನೆಂದು ಸೈನ್ಯದವರು ಸಿದ್ದರಾಜುವನ್ನು ದುಭಾಷಿಯಾಗಿ ಮಣಿಪುರದ ಕಡೆ ಕರೆದುಕೊಂಡರು. ಮಾಯಮ್ಮ ಅತ್ತೆಯ ಮನೆಯಲ್ಲಿ ಉಳಿದಳು.

ಒಂಟಿತನಕ್ಕೆ ಅವಳು ಕಂಡುಕೊಂಡ ಮದ್ದು ಕಾಗದ. ಈ ದೇಶದಲ್ಲಿ ಕಂಡ ವಿಚಿತ್ರವನ್ನೆಲ್ಲ ತನ್ನ ಭಾಷೆಯಲ್ಲಿ ಗಂಡನಿಗೆ ಬರೆಯುತ್ತಿದ್ದಳು. ಇಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ, ನಾನು ಜಗಲಿಯಲ್ಲಿ ಕೂತು ನಿಮ್ಮ ಹೆಸರೆತ್ತಿದ್ದಕ್ಕೆ ಇಬ್ಬರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಮ್ಮಲ್ಲಿ ಅಂಗಡಿಯಲ್ಲಿ ಕೂರುವುದು ಹೆಂಗಸರು, ಇಲ್ಲಿ ಸಂತೆಯಿಂದ ಉಪ್ಪು ತರುವುದೂ ಗಂಡಸರೇ. ಆಗಲಿ ಎನ್ನುವುದಕ್ಕೂ ತಲೆಯನ್ನು ಅತ್ತಿಂದಿತ್ತ ಆಡಿಸುತ್ತಾರೆ, ಹೌದೋ ಅಲ್ಲವೋ ತಿಳಿಯದೆ ಸಾಯುತ್ತೇನೆ. ಮುದ್ದೆಯನ್ನು ಅಗಿಯದೆ ನುಂಗುತ್ತಾರೆ, ಹಲ್ಲು ಯಾತಕ್ಕೆ ಇಟ್ಟುಕೊಂಡಿದ್ದಾರೋ. ದಾರಿಯಲ್ಲಿ ಸಿಕ್ಕವರು ಉಂಡೆಯಾ ಎಂದು ಕೇಳುವುದೊಂದೇ ನಮ್ಮೂರಿನ ಹಾಗೆ. ಯಾರಾದರೂ ಹಾಗೆ ಕೇಳಿದ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ. ಸಿದ್ದರಾಜು ಒಂದೊಂದಕ್ಕೂ ನಗುತ್ತ ಉತ್ತರ ಬರೆಯುತ್ತಿದ್ದ.

ಒಂದೇ ಒಂದು ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ನಿಮ್ಮಮ್ಮ ನನ್ನನ್ನು ಮಣೆ ಹಾಕಿ ಮೊದಲೇ ಕೂರಿಸುತ್ತಾರೆ ಎಂದು ಮಾಯಮ್ಮ ಬರೆದಿದ್ದಳು. ಸಾಕು ಎಂದರೂ ಬಿಡದೆ ಇನ್ನೊಂದು ಚೂರು ಮುದ್ದೆ, ಇನ್ನೊಂದು ಸೌಟು ಉಪ್ಸಾರು ಎಂದು ಬಲವಂತ ಮಾಡುತ್ತಾರೆ. ಒಲೆಯ ಹತ್ತಿರ ಹೋದರೆ ಕಣ್ಣಿಗೆ ಹೊಗೆ, ನೀನು ಹೋಗಿ ಕೂತುಕೊ ಎನ್ನುತ್ತಾರೆ. ನಿಮ್ಮ ಅತ್ತಿಗೆ ಪಾಪ, ಬೆಳಗಿನಿಂದ ಬೈಗುಳ ತಿಂದು, ಎಲ್ಲರೂ ಉಂಡ ಮೇಲೆ ತಳ ಬಳಿದು ತಿನ್ನುತ್ತಾಳೆ. ನಾನೆಂದರೆ ನಿಮ್ಮಮ್ಮನಿಗೆ ಇಷ್ಟೊಂದು ಪ್ರೀತಿ ಏಕೆ? ಬಂದ ಕಾಗದದಲ್ಲಿ ಎರಡು ಪುಟ ಮಣಿಪುರದ ಮಳೆಯ ವಿಷಯವೇ ಇತ್ತು.

ಆ ಅತ್ತಿಗೆ ಎಂದರೆ ಚಿಕ್ಕನಂಜಮ್ಮ, ಸಿದ್ದರಾಜುವಿನ ಅಣ್ಣ ರಾಮಲಿಂಗಯ್ಯನ ಹೆಂಡತಿ. ಒಂದು ದಿನ ಅತ್ತೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವಳ ತವರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಿದ್ದರು. ಮಾಯಮ್ಮ ಹಿತ್ತಲಿಗೆ ಹೋಗಿ, ಬಂದಷ್ಟು ಕನ್ನಡದಲ್ಲಿ ಸಮಾಧಾನ ಹೇಳಿದಳು. ಅತ್ತೆ ನನ್ನ ಮೇಲೆ ಇಟ್ಟಿರುವ ಪ್ರೀತಿಯಲ್ಲಿ ನಿನಗೂ ಸ್ವಲ್ಪ ಕೊಡಬಾರದೇ ಎಂದಳು. ನಂಜಮ್ಮ ಪಾತ್ರೆ ಉಜ್ಜುವುದನ್ನು ಬಿಟ್ಟು ಅವಳ ಮುಖವನ್ನೇ ನೋಡಿದಳು. ಕೆಟ್ಟ ಹೆಂಗಸಲ್ಲ, ಆದರೆ ಬಾಯಿಗೆ ಬಂದದ್ದನ್ನು ಒಳಗಿಟ್ಟುಕೊಂಡು ಗೊತ್ತಿಲ್ಲ.

"ನಂಗೆ ಬೈತಾರೆ ಕಣವ್ವ, ನಾನು ಈ ಮನೆಯೋಳು. ಉಪಚಾರ ಮಾಡೋದು ನೆಂಟ್ರಿಗೆ. ಮನೆಯೋರ್ಗೆ ಯಾರಾದ್ರೂ ಇನ್ನೊಂದ್ ಚೂರು ಇಕ್ಕಿಸ್ಕೊ ಅಂತಾರಾ?"

ಅಂದು ಮಾಯಮ್ಮ ಎಂದಿನಂತೆ ಮಣೆಯ ಮೇಲೆ ಕೂತಳು. ತಟ್ಟೆಯ ಮೇಲೆ ಅತ್ತೆಯ ಕೈ ಬಂದಾಗಲೆಲ್ಲ ನೆಂಟಳು, ನೆಂಟಳು ಎಂದು ಯಾರೋ ಹೇಳಿದಂತಾಯಿತು. ನೆಂಟರು ಎಂದರೆ ಒಂದು ದಿನ ಹೊರಡುವವರು. ಯಾವ ಕುಲವೋ ಏನೋ ಎಂದು ಒಲೆಯಿಂದ ದೂರ ಇಟ್ಟಿದ್ದನ್ನು ಅವಳು ಕಣ್ಣಿಗೆ ಹೊಗೆ ತಾಗದಿರಲೆಂಬ ಕರುಣೆ ಎಂದುಕೊಂಡಿದ್ದಳು. ಗಂಡನಿಗೆ ಎಲ್ಲ ಗೊತ್ತಿತ್ತು, ಹೇಳಲು ಮನಸ್ಸಾಗದೆ ಮಳೆಯ ವಿಷಯ ಬರೆದಿದ್ದ. ಇನ್ನು ಅವನೇ ಬಂದು ಇದನ್ನು ಸರಿಮಾಡಬೇಕು ಎಂದುಕೊಂಡು ದಿನ ಎಣಿಸತೊಡಗಿದಳು.

ಅವನು ಬರಲಿಲ್ಲ. ನಲವತ್ತೈದರ ಆಷಾಢದಲ್ಲಿ ಸೈನ್ಯದ ಕಾಗದ ಬಂತು. ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡ ಎಂದು ಬರೆದಿತ್ತು. ಹನ್ನೊಂದನೆಯ ದಿನ ಮಾಯಮ್ಮನ ಬಳೆ ಒಡೆದರು. ಅವಳ ದೇಶದಲ್ಲಿ ಈ ಪದ್ಧತಿ ಇಲ್ಲ, ಆದರೂ ಸುಮ್ಮನೆ ಕೈ ನೀಡಿದಳು. ಒಡೆಯುತ್ತಿದ್ದ ಹೆಂಗಸು ನೋವಾಯಿತೇನವ್ವ ಎಂದು ನಯವಾಗಿ ಕೇಳಿದಳು. ಬಳೆ ಒಡೆಯುವಾಗಲೂ ಉಪಚಾರ ತಪ್ಪಲಿಲ್ಲವಲ್ಲ ಎಂದುಕೊಂಡು ಅವಳು ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.

ಶ್ರಾವಣದಲ್ಲಿ ಯುದ್ಧ ನಿಂತಿತು. ರಂಗೂನಿಗೆ ಮತ್ತೆ ಹಡಗು ಬಿಡುತ್ತಾರಂತೆ, ಮದರಾಸಿನವರೆಗೂ ನಾನೇ ಬಂದು ಹತ್ತಿಸುತ್ತೇನೆ ಎಂದು ರಾಮಲಿಂಗಯ್ಯ ತಗ್ಗಿದ ದನಿಯಲ್ಲಿ ಹೇಳಿದ. ಪಾಪ, ಅವಳಿಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಅಲ್ಲಿ ನನ್ನವರೆನ್ನುವವರು ಯಾರೂ ಉಳಿದಿಲ್ಲ, ಇಲ್ಲೇ ಇರುತ್ತೇನೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನೆಂಟರು ಹಾಗೆ ಕೇಳುವುದುಂಟೆ? ತಲೆಯನ್ನು ಅತ್ತಿಂದಿತ್ತ ಆಡಿಸಿದಳು. ಅವನು ಒಪ್ಪಿಗೆ ಎಂದುಕೊಂಡ.

ಮರುದಿನ ಹಡಗಿನ ವಿಷಯ ವಿಚಾರಿಸಲು ಅವನು ಮದ್ದೂರಿಗೆ ಹೋದ. ನಂಜಮ್ಮ ರಾಗಿ ಹೊಲದ ಕಳೆಗೆ ಹೋಗಿದ್ದಳು. ದೊಡ್ಡತಾಯಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಮಗ ಹೋದಾಗಿನಿಂದ ಅವರು ಸರಿಯಾಗಿ ಉಂಡವರಲ್ಲ, ಎಷ್ಟೋ ದಿನದಿಂದ ಯಾರನ್ನೂ ಬೈದೂ ಇರಲಿಲ್ಲ. ಮಧ್ಯಾಹ್ನ ಕಳೆಯಿತು. ಮಾಯಮ್ಮ ಎದ್ದು ಅಡಿಗೆಮನೆಯ ಹೊಸ್ತಿಲು ದಾಟಿದಳು. ಹೇಗಿದ್ದರೂ ಹೋಗುವವಳು, ಬೈದರೆ ಬೈಯಲಿ ಎಂದುಕೊಂಡಳು.

ಎಸರಿಟ್ಟು, ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ನಂಜಮ್ಮ ಮಾಡುವಂತೆ ಮಡಕೆಯನ್ನು ಒತ್ತಿ ಹಿಡಿದು ಕೋಲಿನಿಂದ ತಿರುವಿದಳು. ರಟ್ಟೆ ಬಿದ್ದುಹೋಯಿತು. ಹಿಟ್ಟು ಗಂಟುಗಂಟಾಯಿತು. ಕೈ ಸುಟ್ಟುಕೊಂಡು ಒಂದು ಸೊಟ್ಟ ಮುದ್ದೆ ಕಟ್ಟಿ, ಬೆಳಗಿನ ಸಾರು ಬಿಟ್ಟು, ಅತ್ತೆಯ ಮುಂದೆ ತಟ್ಟೆ ಇಟ್ಟಳು. ಒಂದು ಉಪಚಾರದ ಮಾತೂ ಆಡದೆ ಎದುರಿಗೆ ನಿಂತಳು.

ದೊಡ್ಡತಾಯಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಮುದ್ದೆ ಮುರಿದರು. ಒಳಗೆ ಒಣಹಿಟ್ಟು ಇಣುಕಿತು.

"ಏನೇ ಇದು, ಇಟ್ಟಾ? ಒಳ್ಗೆ ಅಸಿ ಇಟ್ಟು ಅಂಗೇ ಅದೆ. ಮೂರ್ ವರ್ಸ ಕುಂತ್ಕಂಡು ತಿಂದಲ್ಲ, ನೋಡಾದ್ರೂ ಕಲಿಬಾರ್ದಾ?"

ಬೈದುಕೊಂಡೇ ಒಂದು ತುತ್ತು ನುಂಗಿದರು. ಇನ್ನೊಂದು ನುಂಗಿದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಟ್ಟೆ ಖಾಲಿಯಾದ ಮೇಲೆ ತಲೆಯೆತ್ತಿದರು.

"ನಿಂತ್ಕಂಡು ಏನೇ ನೋಡ್ತೀಯ? ಮಡ್ಕೇಲಿ ಮಿಕ್ಕಿದ್ರೆ ಇಕ್ಕಂಡು ತಿನ್ನೋಗು, ನಿಂಗೆ ಕೈ ಇಲ್ವಾ? ನಾಳೆ ಒತ್ತಾರೆ ನೀರ್ಗೆ ಓಗ್ಬೇಕು, ಆ ನಂಜಿ ಒಬ್ಳೇ ಎಷ್ಟು ಒರ್ತಾಳೆ? ರಾಮಲಿಂಗಂಗೆ ನಾನೇ ಏಳ್ತೀನಿ, ರಂಗೂನ್ ಅಡಗೂ ಬ್ಯಾಡ ಗಿಡಗೂ ಬ್ಯಾಡ ಅಂತ."

ಮಾಯಮ್ಮ ಒಳಗೆ ಹೋಗಿ ಒಲೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ಮಡಕೆಯ ತಳ ಬಳಿದು ತಟ್ಟೆಗೆ ಹಾಕಿಕೊಂಡಳು. ಇನ್ನೊಂದು ಚೂರು ಎಂದು ಹೇಳಲು ಯಾರೂ ಬರಲಿಲ್ಲ. ಅವಳಿಗೆ ನಗು ಬಂತು. ಇದನ್ನು ಇವತ್ತೇ ಬರೆಯಬೇಕು, ನಿಮ್ಮಮ್ಮ ನನ್ನನ್ನು ಬೈದರು ಎಂದು ಬರೆಯಬೇಕು, ಓದಿ ಎಷ್ಟು ನಗುತ್ತಾರೋ ಎಂದು ಮನಸ್ಸಿನಲ್ಲೇ ತನ್ನ ಭಾಷೆಯಲ್ಲಿ ಮೊದಲ ಸಾಲು ಕಟ್ಟಿದಳು. ಆಮೇಲೆ ನೆನಪಾಯಿತು. ಆ ಸಾಲನ್ನು ಓದಬಲ್ಲವರು ಅವಳಿಗೆ ಇನ್ನು ಯಾರೂ ಇರಲಿಲ್ಲ. ಗಂಟುಗಳಿದ್ದ ಮುದ್ದೆಯನ್ನು ಅವಳು ಅಗಿಯದೆ ನುಂಗಿದಳು.