ಪರೀಕ್ಷೆ ಮೇಡಂ

ಹೊಗಳಿಕೆಯ ವಿಷಯದಲ್ಲಿ ಪರೀಕ್ಷೆ ಮೇಡಂ ಅವರಷ್ಟು ಬಿಗಿ ಮುಷ್ಟಿಯ ಮನುಷ್ಯರನ್ನು ನಾನು ಕಂಡಿಲ್ಲ. ನನ್ನ ಪುಸ್ತಕಗಳ ವಿಮರ್ಶಕರನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಎದುರಿಗೆ ಕೂತವನು ಸರಿಯುತ್ತರ ಕೊಡಲಿ, ತಪ್ಪುತ್ತರ ಕೊಡಲಿ, ಏನೂ ಹೊಳೆಯದೆ ತಿರುಗುವ ಫ್ಯಾನನ್ನು ದಿಟ್ಟಿಸುತ್ತ ಕೂರಲಿ, ಅವರ ಬಾಯಿಂದ ಹೊರಡುವುದು ಒಂದೇ ಮಾತು: “ಆಯ್ತು.” ಅದರಲ್ಲಿ ಮೆಚ್ಚುಗೆಯ ಏರೂ ಇಲ್ಲ, ಮರುಕದ ಇಳಿತವೂ ಇಲ್ಲ. ಮೊದಲ ದಿನ ಬಾಗಿಲಲ್ಲೇ ನಾನೊಂದು ಜೋಕು ಹೇಳಿದೆ. ಇಪ್ಪತ್ತು ವರ್ಷ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ ಜೋಕು. ಅದಕ್ಕೂ “ಆಯ್ತು” ಅಂದು ಒಳಗೆ ಹೋದರು.

ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆ ಅವರದು. ಮರೆವಿನ ಕಾಯಿಲೆ ಹತ್ತಿದವರು, ತಲೆಗೆ ಪೆಟ್ಟು ಬಿದ್ದವರು ಅಲ್ಲಿಗೆ ಬರುತ್ತಾರೆ; ಚಿತ್ರ, ಪದ, ಅಂಕಿ, ಬಿಲ್ಲೆಗಳನ್ನು ಮುಂದಿಟ್ಟು, ಅವರ ಬುದ್ಧಿಯಲ್ಲಿ ಯಾವುದು ಉಳಿದಿದೆ, ಯಾವುದು ಸವೆದಿದೆ ಎಂದು ನೋಡಿ ಬರೆದುಕೊಡುವುದು ಇವರ ಕೆಲಸ. ಹುದ್ದೆಯ ಹೆಸರು ಬಾಗಿಲ ಫಲಕದಲ್ಲೇ ಎರಡು ಸಾಲು ಹಿಡಿಯುವಷ್ಟು ಉದ್ದವಾದ್ದರಿಂದ, ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವರು ಪರೀಕ್ಷೆ ಮೇಡಂ. ಸಣಕಲು ದೇಹ, ಮೊಣಕೈಯಲ್ಲಿ ನೂಲು ಎದ್ದ ಬೂದು ಕೋಟು, ಅದರ ಜೇಬಿನಲ್ಲಿ ಕರವಸ್ತ್ರ ಸುತ್ತಿದ ಸ್ಟಾಪ್‌ವಾಚು. ಟಿಕ್‌ಟಿಕ್ ಕೇಳಿಸಿದರೆ ಎದುರಿನವರ ಎದೆ ಹೊಡೆದುಕೊಳ್ಳುತ್ತದಂತೆ. ರೋಗಿಯನ್ನು ಕೋಣೆಗೆ ಕರೆದೊಯ್ಯುವಾಗ ಅವರು ಅರ್ಧ ಹೆಜ್ಜೆ ಹಿಂದೆಯೇ ನಡೆಯುತ್ತಾರೆ. ಆಹಾ, ಎಂಥ ವಿನಯ ಎಂದು ನಾನು ಕರಗಿಹೋಗಿದ್ದೆ. ಕಾಲೆಳೆಯುತ್ತಾನೋ, ಗೋಡೆ ಹಿಡಿಯುತ್ತಾನೋ, ತಿರುವಿನಲ್ಲಿ ತಬ್ಬಿಬ್ಬಾಗುತ್ತಾನೋ ಎಂಬ ಪರೀಕ್ಷೆ ಅಲ್ಲಿಂದಲೇ ಶುರುವೆಂದು ಆಮೇಲೆ ತಿಳಿಯಿತು.

ಅವರ ಡ್ರಾಯರಿನಲ್ಲಿ ಬೇರೆ ಬೇರೆ ಪವರಿನ ಏಳು ಜೊತೆ ಕನ್ನಡಕಗಳಿವೆ. “ಅಮ್ಮನಿಗೆ ಏನೂ ತಿಳಿಯಲ್ಲ” ಎಂದು ಮಕ್ಕಳು ಕರೆತಂದ ಅಜ್ಜಿಯೊಬ್ಬರು ಚಿತ್ರ ನೋಡಿ ಬೆಕ್ಕನ್ನು ದಿಂಬು ಎಂದರಂತೆ. ಮೇಡಂ ಡ್ರಾಯರು ಎಳೆದು ಒಂದೊಂದೇ ಕನ್ನಡಕ ಹಾಕಿಸಿ ನೋಡಿದರು. ನಾಲ್ಕನೆಯದಕ್ಕೆ ದಿಂಬು ಬೆಕ್ಕಾಯಿತು. “ಕನ್ನಡಕ ಮರೆತವರನ್ನ ಬುದ್ಧಿ ಮರೆತವರು ಅಂತ ಬರೆಯೋಕಾಗತ್ತಾ?” ಎಂದು, ಆಗ ನಕ್ಕುಬಿಟ್ಟ ನರ್ಸನ್ನು ಗದರಿದ್ದರಂತೆ; ನನಗೆ ಇದನ್ನು ಹೇಳಿದ್ದು ಆ ನರ್ಸೇ.

ನಾನು ಅಲ್ಲಿಗೆ ಹೋದದ್ದು ನನ್ನ ಅಕ್ಕನ ಗಂಡನ ಸಲುವಾಗಿ. ಭಾವ ಲಿಫ್ಟ್ ರಿಪೇರಿ ಮಾಡುವವರು. ಅದಕ್ಕೆ ಏಳು ತಿಂಗಳ ಹಿಂದೆ ಏಣಿಯಿಂದ ಬಿದ್ದು ಹಣೆ ಒಡೆದುಕೊಂಡಿದ್ದರು. ಗಾಯ ಮಾಯ್ದಿತ್ತು, ಮಾತು ಮೊದಲಿನಂತೆ ಮಾರುದ್ದ, ನನ್ನನ್ನು ಕಿಚಾಯಿಸುವುದರಲ್ಲಿ ಕೊರತೆಯಿಲ್ಲ. “ಬಿದ್ದಿದ್ದು ನಾನು, ಪೆದ್ದನಾಗಿ ಉಳಿದಿದ್ದು ನೀನು” ಅನ್ನುತ್ತಿದ್ದರು. ಕಂಪನಿಯವರು ಮಾತ್ರ, ಈ ಮೇಡಂ ಬರೆದುಕೊಡದೆ ಲಿಫ್ಟು ಮುಟ್ಟಕೂಡದು ಎಂದು ಕೂತಿದ್ದರು. ಭಾವನಿಗೆ ಲಿಫ್ಟು ಮುಟ್ಟದ ದಿನ ದಿನವೇ ಅಲ್ಲ.

“ಬಿದ್ದ ದಿನ ಏನಾಯ್ತು?” ಮೇಡಂ ಕೇಳಿದರು. ಭಾವ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಶುರು ಮಾಡಿದಳು, ನಾನು ತಾರೀಕು ತಿದ್ದಿದೆ.

“ಮೂರು ಜನರಲ್ಲಿ ಪೆಟ್ಟು ಬಿದ್ದಿದ್ದು ಯಾರಿಗೆ?” ಎಂದು ಮೇಡಂ ನಮ್ಮಿಬ್ಬರಿಗೆ ಬಾಗಿಲು ತೋರಿಸಿದರು.

ಅಕ್ಕ ಕಾರಿಡಾರಿನಲ್ಲಿ ನನ್ನ ತೋಳು ಚಿವುಟಿದಳು. “ನಿನ್ನಿಂದಾನೇ ಕಣೋ ಆಚೆ ಹಾಕಿದ್ದು.”

ಎರಡನೇ ದಿನದ ಕೊನೆಗೆ ನಮ್ಮನ್ನು ಒಳಗೆ ಕರೆದರು. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಮೂರು ಕಡ್ಡಿ, ಒಂದಕ್ಕೆ ಪೋಣಿಸಿದ ಬಣ್ಣದ ಬಿಲ್ಲೆಗಳು. ಈ ಕಡ್ಡಿಯ ಬಿಲ್ಲೆಗಳನ್ನು ಆ ಕಡ್ಡಿಗೆ ಸಾಗಿಸಬೇಕು.

“ನಿಯಮ ಹೇಳಿ.”

“ಒಂದು ಸಲಕ್ಕೆ ಒಂದೇ ಬಿಲ್ಲೆ,” ಎಂದರು ಭಾವ, ಪಾಠ ಒಪ್ಪಿಸುವಂತೆ. ಹೇಳುತ್ತಲೇ ಅವರ ಎರಡು ಕೈ ಎರಡು ಬಿಲ್ಲೆಗಳನ್ನು ಎತ್ತಿದವು. ಮೇಡಂ ಅವನ್ನು ಮತ್ತೆ ಇಡಿಸಿದರು. ಮತ್ತೆ ನಿಯಮ ಹೇಳಿಸಿದರು. ಮತ್ತೆ ಎರಡು ಬಿಲ್ಲೆ. ಮೂರನೇ ಸಲ ಬಾಯಿ “ಒಂದೇ ಒಂದೇ” ಎಂದು ಗುನುಗುತ್ತಿತ್ತು, ಕೈ ಆ ಮಾತಿಗೆ ಕಾಯಲೇ ಇಲ್ಲ.

ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. “ಮನೇಲೂ ಹಿಂಗೇ ಮೇಡಂ. ಕರೆಂಟು ಆಫ್ ಮಾಡದೇ ಪ್ಲಗ್ ಬಿಚ್ತಾರೆ. ನಾನೇ ಹಿಂದೆ ಹಿಂದೆ ಹೋಗಿ ಆಫ್ ಮಾಡ್ತೀನಿ. ಯಾರಿಗೂ ಹೇಳಿಲ್ಲ.”

ಏಳು ತಿಂಗಳಿಂದ ನಾವು ‘ಭಾವ ಸರಿಯಾಗಿದ್ದಾರೆ’ ಅಂದುಕೊಂಡಿದ್ದರಲ್ಲಿ ಅರ್ಧಪಾಲು ಅಕ್ಕನ ಓಡಾಟವಾಗಿತ್ತು.

ಇಂಥ ಹೊತ್ತಿನಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ರೋಗಿಯ ತಲೆಯ ಮೇಲಿಂದ ಮನೆಯವರ ಜೊತೆ ಮಾತಾಡುತ್ತಾರೆ. ಮೇಡಂ ಕುರ್ಚಿಯನ್ನು ಭಾವನ ಕಡೆಗೆ ತಿರುಗಿಸಿಕೊಂಡರು.

“ಲಿಫ್ಟಿಗೆ ಹೋಗ್ಬಹುದಾ?” ಭಾವ ಕೇಳಿದರು.

“ಈಗ ಬೇಡ.”

“ಹಾಗಾದ್ರೆ ನಂಗೆ ತಲೆ ಕೆಟ್ಟಿದ್ಯಾ?”

“ಇಲ್ಲ. ನೆನಪು ಗಟ್ಟಿಯಾಗಿದೆ. ಕೆಲಸ ಪೂರ್ತಿ ಗೊತ್ತಿದೆ. ಕೈ ಹೊರಟಾಗ ತಡೆಯೋ ಜಾಗಕ್ಕೆ ಪೆಟ್ಟಾಗಿದೆ. ಲಿಫ್ಟಿನ ಒಳಗೆ ಕೈ ಒಂದೇ ಒಂದು ಸಲ ತಲೆಗಿಂತ ಮುಂದೆ ಹೋದ್ರೂ ಸಾಕು, ಅನಾಹುತ ಆಗೋಕೆ.”

“ಸ್ವಲ್ಪ ನೋಡಿ ಬರೀರಿ ಮೇಡಂ,” ನಾನು ಬಾಯಿ ಹಾಕಿದೆ, ನಾಚಿಕೆಯಿಲ್ಲದೆ.

“ನೋಡಿಯೇ ಬರೀತಿದೀನಿ.”

ಕಾಗದದಲ್ಲಿದ್ದದ್ದು ಇಷ್ಟು: ಆರು ತಿಂಗಳು ಯಂತ್ರದ ಬಳಿ ಹೋಗಕೂಡದು, ಕರೆಂಟಿಲ್ಲದ ಮೇಜಿನ ಮೇಲೆ, ಇನ್ನೊಬ್ಬರ ಎದುರಿನಲ್ಲಿ ಬಿಡಿಭಾಗಗಳ ಕೆಲಸ ಮಾಡಬಹುದು, ಹೊಸಬರಿಗೆ ಬಾಯಲ್ಲಿ ಪಾಠ ಹೇಳಬಹುದು, ಆಮೇಲೆ ಮರುಪರೀಕ್ಷೆ. ಭಾವ ಈಗ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕೂತು ಪಾಠ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಮೇಡಂ ಮಾತೆತ್ತಿದರೆ “ಆ ಶನಿ” ಅನ್ನುತ್ತಾರೆ. ಮರುಪರೀಕ್ಷೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದವರೂ ಅವರೇ.

ಇಂಥವರನ್ನು ನಾವು ಬೇಗ ಪ್ರೀತಿಸುವುದಿಲ್ಲ. ಬೆನ್ನು ತಟ್ಟಿ ‘ಎಲ್ಲ ಸರಿಹೋಗುತ್ತೆ ಬಿಡಿ’ ಎನ್ನುವವರೇ ನಮಗೆ ಆಪ್ತರು. ಆ ಕಸುಬಿನಲ್ಲಿ ನಾನೂ ಸಾಕಷ್ಟು ಪಳಗಿದವನೇ. ಆದರೆ ಪೆಟ್ಟು ತಿಂದವನ ಎದುರು ಎರಡು ದಿನ ಕೂತು, ಅವನೆಲ್ಲಿ ಎಡವುತ್ತಾನೆಂದು ಕಣ್ಣು ತಪ್ಪಿಸದೆ ನೋಡಿ, ಕಂಡದ್ದನ್ನು ಅವನಿಗೇ ಹೇಳುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅವರಿಗೆ ಹಾರ ಹಾಕಲು ಯಾರೂ ಬರುವುದಿಲ್ಲ. ನಡೆಯದೇ ಹೋದ ಅನಾಹುತವನ್ನು ಕಂಡವರು ಯಾರು? ಹತ್ತನೇ ಮಹಡಿಯಿಂದ ಕ್ಷೇಮವಾಗಿ ಕೆಳಗಿಳಿದವನು ಲಿಫ್ಟಿನ ಬಾಗಿಲು ತೆರೆದೊಡನೆ, ಹಿಂದೆ ತಿರುಗಿಯೂ ನೋಡದೆ, ತನ್ನ ಪಾಡಿಗೆ ಮನೆಗೆ ಹೋಗುತ್ತಾನೆ.