ಎರಡು ಚೊಂಬು ನೀರು

ಬಟ್ಟೆಗೆ ಬಣ್ಣ ಹಾಕುವವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಆದರೆ ಅವರೇ ತಮ್ಮ ಕಣ್ಣಿಗೆ ಮಣ್ಣೆರಚಿಕೊಳ್ಳಲು ಹೊರಟರೆ ತಡೆಯುವವರು ಯಾರು? ನಮ್ಮ ಬಣ್ಣದಜ್ಜ ಮಾಡಿದ್ದು ಅದನ್ನೇ.

ಹೋದ ವರ್ಷ ಅಜ್ಜನ ಮೂತ್ರಕೋಶದಿಂದ ಕ್ಯಾನ್ಸರ್ ಗಡ್ಡೆಯೊಂದನ್ನು ತೆಗೆದಿದ್ದರು. ಅದು ಮತ್ತೆ ಬಂದಿದೆಯೋ ಎಂದು ಆಗಾಗ ಒಳಗೆ ನಳಿಕೆ ಇಳಿಸಿ ನೋಡುತ್ತಿದ್ದರು. ನಳಿಕೆಯ ಹೆಸರೆತ್ತಿದರೆ ಸಾಕು, ಅಜ್ಜನ ಮುಖ ಇಷ್ಟು ಚಿಕ್ಕದಾಗುತ್ತಿತ್ತು. ಈ ಸಲ ಡಾಕ್ಟರಮ್ಮ, ಮೂತ್ರ ಕೊಟ್ಟರೆ ಸಾಕು, ರೋಗವಿದ್ದರೆ ಗುರುತು ಅದರಲ್ಲೇ ಸಿಗುತ್ತದೆ, ಸಿಗದಿದ್ದರೆ ನಳಿಕೆಯನ್ನು ಮುಂದಕ್ಕೆ ಹಾಕೋಣ ಎಂದರು.

ಅಜ್ಜ ಲ್ಯಾಬಿಗೆ ಹೊರಡುವ ಮುನ್ನ ಎರಡು ಚೊಂಬು ನೀರು ಗಟಗಟನೆ ಕುಡಿದ. ತುಂಬಿದ ಬಾಟಲಿಯನ್ನು ಬೆಳಕಿಗೆ ಹಿಡಿದು, ತಿಳಿಯಾಗಿದೆ ಎಂದು ಬೀಗಿದ. ಜೀವಮಾನವೆಲ್ಲ ಬಣ್ಣವನ್ನೇ ನಂಬಿದವನು. ಬಣ್ಣವಿಲ್ಲದ ಕಡೆ ರೋಗವೂ ಇರದು ಎಂದುಕೊಂಡಿದ್ದ. ಲ್ಯಾಬಿನವರು ಮಾತ್ರ, ತೀರಾ ನೀರಾಗಿದೆ, ಏನೂ ಹೇಳಲು ಬರುವುದಿಲ್ಲ, ಮುಂದಿನ ಸಲ ಅಷ್ಟು ನೀರು ಕುಡಿದು ಬರಬೇಡಿ ಎಂದರು. ಮೊದಲ ಸಲ ಮಾಡಿದ್ದು ಪೆದ್ದುತನ, ಒಪ್ಪೋಣ. ಎರಡನೆಯ ಸಲ ಬೇಕೆಂದೇ ಕುಡಿದ. 'ಏನೂ ಹೇಳಲು ಬರುವುದಿಲ್ಲ' ಎಂಬ ಉತ್ತರ ಅವನಿಗೆ ಹಿಡಿಸಿಬಿಟ್ಟಿತ್ತು.

ಮೂರನೆಯ ಸಲ ಬಣ್ಣದ ತೊಟ್ಟಿಯ ಹಿಂದೆ ಚೊಂಬೆತ್ತುವಾಗ ಅಜ್ಜಿಯ ಕೈಗೆ ಸಿಕ್ಕಿಬಿದ್ದ. ಅಜ್ಜಿಗೆ ಕೋಪ ಮೂಗಿನ ತುದಿಯಲ್ಲೇ. ಅಂಥವಳು ಅಂದು ಗದರಲಿಲ್ಲ. ಚೊಂಬು ಕಿತ್ತುಕೊಂಡು, ನಳಿಕೆಗೆ ಇಷ್ಟು ಹೆದರುವುದೇ ಎಂದು ಕೇಳಿದಳು.

"ನಳಿಕೆ ಹಾಳಾಗಿ ಹೋಗ್ಲಿ. ಹೋದ ವರ್ಷ ಡಾಕ್ಟರಮ್ಮ ಕ್ಯಾನ್ಸರ್ ಅಂದಾಗ ನಿನ್ನ ಮುಖ ನೋಡ್ದೆ ಕಣೇ. ಇನ್ನೊಂದ್ ಸಲ ನೋಡೋಕೆ ನನ್ ಕೈಲಾಗಲ್ಲ."

ಅಜ್ಜಿ ಸೆರಗಿನಿಂದ ಚೊಂಬು ಒರೆಸಿದಳು. "ಗೊತ್ತಾಗದೆ ಇದ್ರೆ ನನ್ ಮುಖ ಅರಳಿರತ್ತೇನ್ರೀ? ರಾತ್ರಿ ನೀವು ಗೊರಕೆ ಹೊಡೀತೀರ. ನಾನು ನಿಮ್ಮ ಉಸಿರು ಕೇಳಿಸ್ಕೊಂಡು ಬಿದ್ದಿರ್ತೀನಿ."

ಇದು ಅಜ್ಜನಿಗೆ ಗೊತ್ತಿರಲಿಲ್ಲ. ತಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಚೊಂಬನ್ನು ಮತ್ತೆ ಕೇಳಲಿಲ್ಲ. ಆ ದಿನ ಲ್ಯಾಬಿನಲ್ಲಿ ಅವನು ಕೊಟ್ಟ ಬಾಟಲಿ ಗಾಢ ಹಳದಿಯಾಗಿತ್ತು. ಕೊನೆಗೂ ಒಂದು ಒಳ್ಳೆ ಬಣ್ಣ ತೆಗೆದಿರಲ್ಲ ಎಂದು ಅಜ್ಜಿ ಕಾಲೆಳೆದಳು.

ಫಲಿತಾಂಶದ ದಿನ ಡಾಕ್ಟರಮ್ಮ ಸುತ್ತಿಬಳಸಲಿಲ್ಲ. ಗುರುತು ಸಿಕ್ಕಿದೆ, ನಳಿಕೆ ಇಳಿಸಿ ನೋಡಲೇಬೇಕು, ಮತ್ತೆ ಬಂದಿದ್ದರೂ ಬೇಗ ಹಿಡಿದರೆ ತೆಗೆಯಬಹುದು ಎಂದರು. ಧೈರ್ಯ ತಂದುಕೊಂಡು ಕೂತಿದ್ದ ಅಜ್ಜಿಯ ತುಟಿ ಅದುರಿತು. ಮುಖ ಕುಸಿಯಿತು, ಅಜ್ಜ ಹೆದರಿದ್ದಂತೆಯೇ.

ಅಜ್ಜ ಈ ಸಲ ಮುಖ ತಿರುಗಿಸಲಿಲ್ಲ. ಕುರ್ಚಿಯನ್ನು ಅವಳ ಕಡೆಗೆಳೆದುಕೊಂಡು, ಅವಳ ಕಣ್ಣನ್ನೇ ನೋಡುತ್ತ ಕೈ ಹಿಡಿದುಕೊಂಡ. ಹೆದರಿಕೆಯೇನೂ ಹೋಗಿರಲಿಲ್ಲ. ಆದರೂ ನಳಿಕೆಗೆ ಯಾವತ್ತು ಬರಲಿ ಎಂದು ಕೇಳಿದವನು ಅವನೇ.

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಅಳುತ್ತಲೇ ಹೇಳಿದಳು:

"ನಾಳೇನೇ ಬರ್ತೀವಿ."