ಅಳಿಯ ಹುಲ್ಲು

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಇಲ್ಲೇ ಉದುರಿಹೋಗಲಿ. ಹೇಗೂ ಸವೆದ ನಾಲಿಗೆ, ಉದುರಿದರೂ ಯಾರಿಗೂ ದೊಡ್ಡ ನಷ್ಟವಿಲ್ಲ. ಗಾಳಿ ಇಳಿಯುವ ತನಕ ಹುಲ್ಲಿಗೆ ಬೆಂಕಿ ಹಚ್ಚುವಂತಿಲ್ಲ, ಗಾಳಿ ಇಳಿಯುವ ಹಾಗೆ ಕಾಣುತ್ತಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಆ ನೀರಿನ ಕ್ಯಾನುಗಳ ಮೇಲೆ ಕೂತು ಕೇಳಿ. ಬಾಗಿಲ ಹತ್ತಿರ ಬೆಂಕಿ ಬಡಿಯುವ ಕೋಲಿಗೆ ರಬ್ಬರ್ ಪಟ್ಟಿ ಇಟ್ಟು ಮೊಳೆ ಹೊಡೆಯುತ್ತಿದ್ದಾಳಲ್ಲ, ಅವಳು ನಮ್ಮ ಮೇಸ್ತ್ರಿ. ನನ್ನ ಅಕ್ಕನ ಮಗಳು. ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದಾಳೆ, ಕೇಳದವಳ ಹಾಗೆ ಕೂತಿರುತ್ತಾಳೆ, ಅಷ್ಟೇ.

ಆಚೆ ಬಯಲೆಲ್ಲ ಹಸಿರಾಗಿದೆ ಅಂತ ಖುಷಿಪಡಬೇಡಿ. ಅದು ಎಲ್ಲಿಂದಲೋ ಬಂದ ಹುಲ್ಲು. ಹಿಂದೆ ಯಾರೋ ದನಗಳ ಮೇವಿಗೆ ಅಂತ ತರಿಸಿ ಬಿತ್ತಿದರು. ಅದಕ್ಕೊಂದು ಉದ್ದ ಹೆಸರಿದೆ, ನಾವು ಕರೆಯುವುದು ಅಳಿಯ ಅಂತ. ಬಂದ, ಉಂಡ, ಹೋಗಲೇ ಇಲ್ಲ. ಮನೆಯವರೇ ಹೊರಗೆ ಮಲಗುವ ಹಾಗೆ ಮಾಡಿದ. ಅವನು ಹಳ್ಳ ದಾಟಿ ಆಚೆ ಹೊಲಗಳಿಗೆ ಹೋಗಬಾರದು ಅಂತಲೇ ಈಗ ನಾವು ವರ್ಷ ವರ್ಷ ಸುಡುವುದು. ಅವನ ವೇಗ ನಿಮಗೆ ಗೊತ್ತಿಲ್ಲ. ನಮ್ಮ ಟ್ರ್ಯಾಕ್ಟರ್ ಡ್ರೈವರ್ ಊಟ ಮುಗಿಸಿ ಅಲ್ಲಿ ಸ್ವಲ್ಪ ಅಡ್ಡಾದ. ಏಳಲು ಹೋದರೆ ಅಂಗಿಯ ಕಾಜಗಳಲ್ಲೆಲ್ಲ ಹುಲ್ಲು ತೂರಿಕೊಂಡಿದೆ! ಕುಡುಗೋಲು ತಂದು ಬಿಡಿಸಿದೆವು. ಮತ್ತೆ ಚಿಗುರಿಬಿಟ್ಟಾನು ಅಂತ ಅವನ ಹೆಂಡತಿ ಎಷ್ಟೋ ದಿನ ಅವನಿಗೆ ಸ್ನಾನಕ್ಕೆ ನೀರೇ ಕೊಡಲಿಲ್ಲ.

ಈ ಬಯಲಿನ ನಿಜವಾದ ಹುಲ್ಲು ಬೇರೆ. ಗಂಟುಗಂಟಾಗಿ ಬೆಳೆಯುತ್ತಿತ್ತು, ಬಲಿತರೆ ತಾಮ್ರದ ಬಣ್ಣ. ನಡುನಡುವೆ ಹೂವಿಗೂ ಹಕ್ಕಿಗೂಡಿಗೂ ಜಾಗ ಬಿಡುತ್ತಿತ್ತು. ಕೊನೆಗೆ ಅದು ಉಳಿದದ್ದು ಗುಡ್ಡದ ಕೆಳಗಿನ ಒಂದೇ ತುಂಡು ನೆಲದಲ್ಲಿ. ಕಾಯುತ್ತಿದ್ದವರು ಇವಳ ಅಪ್ಪ, ನನ್ನ ಭಾವ, ಆಗಿನ ಮೇಸ್ತ್ರಿ. ಆ ತುಂಡು ಹೋದರೆ ಹಳೆ ಹುಲ್ಲು ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಅಲ್ಲಿಗೆ ಕಾಲಿಡುವ ಮುಂಚೆ ಎಲ್ಲರೂ ಬೂಟು ಉಜ್ಜಬೇಕು, ಕಾಲುಚೀಲ ಬಿಚ್ಚಿ ಒದರಬೇಕು. ಒಬ್ಬ ದೊಡ್ಡ ಆಫೀಸರ್ ಬಂದಾಗ ಅವರ ಪ್ಯಾಂಟಿನ ತುದಿಯ ಮಡಿಕೆಯನ್ನೂ ಬಿಚ್ಚಿಸಿದರು.

"ಏನ್ರೀ ಇದು? ನಾನೇನು ಕಳ್ಳನಾ?"

"ನೀವಲ್ಲ ಸಾರ್. ಮಡಿಕೇಲಿ ಕೂತಿರೋನು."

ಅಕ್ಕನಿಗೆ ಸಾಕಾಗಿ ಹೋಗಿತ್ತು. "ನನ್ನ ಯಾಕೆ ಕಟ್ಕೊಂಡ್ರಿ? ಆ ಹುಲ್ಲನ್ನೇ ಕಟ್ಕೋಬೇಕಿತ್ತು," ಅನ್ನುತ್ತಿದ್ದಳು.

"ಅದಕ್ಕೆ ಅಡುಗೆ ಬರಲ್ವಲ್ಲೇ," ಅನ್ನುತ್ತಿದ್ದರು ಭಾವ.

ಸುಡುವುದಕ್ಕೆ ಒಂದು ಹೊತ್ತಿದೆ, ತಿಳಿದುಕೊಳ್ಳಿ. ಅಳಿಯನಿಗೆ ಅವಸರ, ಚಳಿ ಮುಗಿಯುವ ಮುಂಚೆಯೇ ಚಿಗುರುತ್ತಾನೆ. ಹಳೆ ಹುಲ್ಲು ಸೋಮಾರಿ, ನೆಲ ಬಿಸಿಯಾಗದೆ ಏಳುವುದಿಲ್ಲ. ಅವನು ಎದ್ದು, ಇದು ಇನ್ನೂ ಮಣ್ಣೊಳಗೆ ಗೊರಕೆ ಹೊಡೆಯುವಾಗ ಬೆಂಕಿ ಇಡಬೇಕು. ಒಂದು ವರ್ಷ ಚಳಿ ಬೇಗ ಹೋಯಿತು. ಎರಡೂ ಒಟ್ಟಿಗೆ ಎದ್ದವು, ಬೆಂಕಿ ಇಟ್ಟರೆ ಎರಡೂ ಸುಟ್ಟುಹೋಗುತ್ತವೆ. ಅಷ್ಟರಲ್ಲಿ ಅಳಿಯ ತುಂಡಿನ ಅಂಚು ದಾಟಿ ನಡುವಿಗೆ ಬಂದಿದ್ದ.

ಭಾವ ಅಂಗೈಯನ್ನು ನೆಲಕ್ಕೊತ್ತಿ ತುಂಬಾ ಹೊತ್ತು ಕೂತರು. ಆಮೇಲೆ ಹೇಳಿದರು: "ಎಲ್ಲಾ ತೆಗೆದುಬಿಡೋಣ. ಔಷಧಿ ಹೊಡೆದು ನೆಲ ಖಾಲಿ ಮಾಡೋಣ. ಬೀಜ ಇದೆಯಲ್ಲ, ಮತ್ತೆ ಬಿತ್ತೋಣ."

ಬೀಜ ಇತ್ತು. ವರ್ಷ ವರ್ಷ ಕೈಯಲ್ಲೇ ಉದುರಿಸಿ ತಂದದ್ದು, ಇದೇ ಶೆಡ್ಡಿನಲ್ಲಿ, ಬೂಸು ಹಿಡಿಯದ ಹಾಗೆ ಬಾಯಿ ತೆರೆದಿಟ್ಟ ಚೀಲಗಳಲ್ಲಿ. ಭಾವ ಔಷಧಿಯ ಡಬ್ಬ ಬೆನ್ನಿಗೇರಿಸಿ, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೊಡೆದರು. ಔಷಧಿ ಮೈಗೆ ತಾಗಬಾರದು ಅಂತ ಎಲ್ಲರೂ ಹಾಗೇ ಹೊಡೆಯುವುದು. ಆದರೆ ಅವರು ಪ್ರತಿ ಗಂಟನ್ನೂ ನೋಡಿಕೊಂಡು ಹೊಡೆದರು. ತುಂಡು ಪೂರ್ತಿ ಒಣಗಿ ಬೂದಿಬಣ್ಣಕ್ಕೆ ತಿರುಗಿತು. ಮೊದಲ ಮಳೆಗೆ ಒಂದು ಕಾಳೂ ಬಿಡದೆ ಬಿತ್ತಿದೆವು.

ಚೆನ್ನಾಗಿ ಹುಟ್ಟಿತು. ತುಂಬಾ ಚೆನ್ನಾಗಿ, ತುಂಬಾ ಬೇಗ. ಭಾವ ಮಂಡಿಯೂರಿ ಒಂದು ಎಸಳು ಕಿತ್ತು ಬೆಳಕಿಗೆ ಹಿಡಿದರು. ಅಳಿಯನ ಎಲೆಯ ಮೇಲೆ ಉಗುರಲ್ಲಿ ಒತ್ತಿದ ಹಾಗೆ ಒಂದು ಗುರುತಿರುತ್ತದೆ. ಅದಿತ್ತು. ಪಕ್ಕದ್ದರಲ್ಲೂ ಇತ್ತು. ಎಲ್ಲೆಲ್ಲೂ ಇತ್ತು.

ಹುಲ್ಲು ಕೊಯ್ಯುವ ಮಷಿನ್ನನ್ನು ಕ್ಲೀನ್ ಮಾಡದೆ ನಿಲ್ಲಿಸಬಾರದು ಅಂತ ಭಾವನದೇ ಕಟ್ಟಪ್ಪಣೆ. ಹಿಂದಿನ ಸುಗ್ಗಿಯಲ್ಲಿ ಜೋರು ಮಳೆ. ಅಪ್ಪಣೆ ಮೀರಬಾರದು ಅಂತ ಮಷಿನ್ನನ್ನು ಶೆಡ್ಡಿನೊಳಕ್ಕೆ ತಂದು, ಏರ್ ಪೈಪ್ ಹಿಡಿದು, ಸಂದುಗೊಂದೆಲ್ಲ ಗಾಳಿ ಹೊಡೆದು ಫಳಫಳ ಮಾಡಿದ್ದಾಯಿತು. ಮಷಿನ್ನಿಂದ ಹಾರಿದ ಅಳಿಯನ ಬೀಜವೆಲ್ಲ ಬಾಯಿ ತೆರೆದಿದ್ದ ಆ ಚೀಲಗಳಿಗೆ ಬಿತ್ತು. ಹಿಡಿಯಷ್ಟು ಬಿದ್ದಿದ್ದರೂ ಸಾಕು, ಅವನು ಮೊದಲೆದ್ದು ಉಳಿದದ್ದನ್ನು ಏಳಲು ಬಿಡುವುದಿಲ್ಲ.

ಏನು ಕನ್ನಡಕದವರೇ? ಗಾಳಿ ಹೊಡೆದದ್ದು ಯಾರು ಅಂತಲಾ? ಆಗಿದ್ದ ಒಬ್ಬ ದಡ್ಡ. ಕೆಲಸ ಬಿಟ್ಟು ಹೋದ. ಮುಖವೂ ನೆನಪಿಲ್ಲ.

"ನಾನು."

ಕೇಳಿಸಿತಲ್ಲ. ತಲೆ ಕೂಡ ಎತ್ತದೆ ಹೇಳಿದಳು. ಇಷ್ಟು ವರ್ಷ ಈ ಕಥೆಯಲ್ಲಿ ಬಾಯಿ ಬಿಟ್ಟವಳಲ್ಲ.

"ಯಾಕೆ ಸುಮ್ಮನಾದ್ರಿ ಮಾವ? ಮುಂದಿನದೂ ಹೇಳಿ."

ಹೇಳ್ತೀನಿ ತಾಯಿ. ಭಾವ ಇವಳನ್ನು ಬೈಯಲಿಲ್ಲ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಮಾತೇ ಆಡದೆ, ಅಳಿಯನನ್ನು ಒಂದೊಂದೇ ಕೈಯಲ್ಲಿ ಕೀಳಲು ಕೂತರು. ಬಿಸಿಲು ಏರಿದರೂ ಏಳಲಿಲ್ಲ. ಬೆರಳುಗಳೆಲ್ಲ ಸೀಳಿದವು. ಅಕ್ಕ ಊಟ ಹೊತ್ತುಕೊಂಡು ಹೋಗಿ ಹಾಗೇ ವಾಪಸ್ ತರುತ್ತಿದ್ದಳು. ಒಂದು ಮಧ್ಯಾಹ್ನ ಕೂಗಿದರೆ ಓಗೊಡಲಿಲ್ಲ. ಬೋರಲಾಗಿ ಬಿದ್ದಿದ್ದರು. ಎರಡು ಮುಷ್ಟಿಯ ತುಂಬಾ ಹುಲ್ಲು. ಮುಷ್ಟಿ ಬಿಡಿಸಲು ನಮ್ಮಿಂದಾಗಲಿಲ್ಲ. ಅಂಗಿಯ ತೋಳಿನೊಳಗಿಂದ ಆಗಲೇ ಚಿಗುರು ಇಣುಕುತ್ತಿತ್ತು.

ಆದರೆ ಕೇಳಿ, ಇದು ಮುಖ್ಯ. ಮುಂದಿನ ವರ್ಷ ಅವರು ಬಿದ್ದಿದ್ದ ಜಾಗದಲ್ಲೇ, ಸರಿಯಾಗಿ ಆಳುದ್ದಕ್ಕೆ, ಹಳೆ ಹುಲ್ಲು ಎದ್ದಿತ್ತು. ಅದೇ ತಾಮ್ರದ ಬಣ್ಣ. ನಾನೇ ಕಣ್ಣಾರೆ... ಏ, ಎಲ್ಲಿಗೆ ಹೊರಟೆ? ಗಾಳಿ ಇನ್ನೂ ಇಳಿದಿಲ್ಲ ಕಣೇ. ಸುತ್ತಿಗೆ ಇಟ್ಟು ಕೂತ್ಕೋ. ಆಯ್ತು, ಆಳುದ್ದ ಬೇಡ. ಒಂದು ಗಂಟು. ಬೇಡ, ಒಂದೇ ಒಂದು ಎಸಳಾದರೂ ಎದ್ದಿತ್ತು, ನಿಮ್ಮಮ್ಮನಿಗೂ ತೋರಿಸಿದ್ದೆ, ನಾನು ಅದರ ಪಕ್ಕದಲ್ಲೇ ಕೂತು ನೋಡಿದ್ದೆ ಕಣೇ...